ಹಿಯರಿಂಗ್ ಏಡ್ ಸರಿಯಾಗಿ ಸೆಟ್ ಆಗಿದ್ಯಾ ಅಂತ ನೋಡೋದು ಹೇಗೆ: ಸಾಫ್ಟ್‌ವೇರ್ ಗ್ರಾಫಾ, ಬೂತ್ ಟೆಸ್ಟಾ, ಕಿವಿ ಒಳಗಿನ ಟ್ಯೂಬಾ?

ಬೆಂಗಳೂರಲ್ಲಿ ಹಿಯರಿಂಗ್ ಏಡ್ ತಗೊಳೋಕೆ ಹೊರಟವರು ಮೊದಲು ಕೇಳೋದು ಯಾವ ಕಂಪನಿ, ಎಷ್ಟು ಚಾನೆಲ್ಲು, ಬ್ಲೂಟೂತ್ ಇದ್ಯಾ, ಚಾರ್ಜಿಂಗ್ ಮಾಡೋದಾ ಸೆಲ್ ಹಾಕೋದಾ ಅಂತ. ಜಯನಗರದಿಂದ ಮಲ್ಲೇಶ್ವರದವರೆಗೂ ಎಲ್ಲಿಗೆ ಹೋದ್ರೂ ಮೂರು ಬ್ರೋಶರ್ ಮುಂದಿಟ್ಟು ಬೇಸಿಕ್ಕು, ಮೀಡಿಯಮ್ಮು, ಪ್ರೀಮಿಯಮ್ಮು ಅಂತ ರೇಟ್ ಹೇಳ್ತಾರೆ, ನಾವೂ ಜೇಬು ನೋಡ್ಕೊಂಡು ಒಂದಕ್ಕೆ ಬೆರಳು ತೋರಿಸಿ ಬರ್ತೀವಿ. ಆದ್ರೆ ಆ ಮೆಷಿನ್‌ನಿಂದ ಹೊರಟ ಸೌಂಡು ಕಿವಿ ತಮಟೆ ಹತ್ರ ನಿಜವಾಗಿ ಎಷ್ಟು ಡಿಬಿ (ಡೆಸಿಬೆಲ್, ಸೌಂಡಿನ ಜೋರು ಅಳೆಯೋ ಲೆಕ್ಕ) ತಲುಪ್ತಿದೆ ಅಂತ ಯಾರು ನೋಡ್ತಾರೆ, ಹೇಗೆ ನೋಡ್ತಾರೆ ಅಂತ ಕೇಳೋರು ತುಂಬಾ ಕಮ್ಮಿ. ನನ್ನ ಕೇಳಿದ್ರೆ ಮೆಷಿನ್ ಆರಿಸೋಕಿಂತ ಮುಂಚೆ ಅದನ್ನ ಹೇಗೆ ಚೆಕ್ ಮಾಡ್ತಾರೆ ಅನ್ನೋದನ್ನ ಆರಿಸಬೇಕು. ಸರಿಯಾಗಿ ಅಳತೆ ಮಾಡಿ ಸೆಟ್ ಮಾಡಿದ ಬೇಸಿಕ್ ಮೆಷಿನ್, ಅಳತೆನೇ ಮಾಡದ ಪ್ರೀಮಿಯಂ ಮೆಷಿನ್‌ಗಿಂತ ಎಷ್ಟೋ ವಾಸಿ.

ಯಾಕೆ ಅಳೀಬೇಕು ಅನ್ನೋದು ಮೊದಲು. ಹಿಯರಿಂಗ್ ಏಡ್ ಎಷ್ಟು ಸೌಂಡ್ ಕೊಡತ್ತೆ ಅಂತ ಕಂಪನಿಯವರು ಲೆಕ್ಕ ಹಾಕೋದು ಒಂದು ಲೋಹದ ಡಬ್ಬಿಲಿ, ಅದಕ್ಕೆ 2 ಸಿಸಿ ಕಪ್ಲರ್ ಅಂತಾರೆ, ಒಳಗಿರೋ ಜಾಗ 2 ಘನ ಸೆಂಟಿಮೀಟರ್. ನಮ್ಮ ಕಿವಿಲಿ ಮೋಲ್ಡ್, ಅಂದ್ರೆ ಕಿವಿ ಅಚ್ಚಿಗೆ ತಕ್ಕಂತೆ ಮಾಡಿದ ಬಿರಡೆ, ಹಾಕಿದ ಮೇಲೆ ಉಳಿಯೋ ಜಾಗ ಅದಕ್ಕಿಂತ ಕಮ್ಮಿ. ಜಾಗ ಅರ್ಧ ಆದ್ರೆ ಅದೇ ಮೆಷಿನ್ನು, ಅದೇ ಸೆಟ್ಟಿಂಗು, ಆದ್ರೂ ಒತ್ತಡ ಹೆಚ್ಚುಕಮ್ಮಿ ಡಬಲ್, ಅಂದ್ರೆ 6 ಡಿಬಿ ಜಾಸ್ತಿ. ಕಿವಿ ಒಬ್ಬೊಬ್ಬರದು ಒಂದೊಂದು ಥರ, ಒಬ್ಬರದೇ ಎಡಗಿವಿ ಬಲಗಿವಿನೂ ಒಂದೇ ಥರ ಇರಲ್ಲ. ಇದರ ಜೊತೆ ಇನ್ನೊಂದಿದೆ, ಬರೀ ಕಿವಿಗೇ ಅದರದ್ದೇ ಆದ ಗೇನ್, ಅಂದ್ರೆ ಸೌಂಡನ್ನ ಏರಿಸೋ ಪ್ರಮಾಣ, ಇರತ್ತೆ, ದೊಡ್ಡವರಲ್ಲಿ ಸುಮಾರು 2700 ಹರ್ಟ್ಜ್ (ಫ್ರೀಕ್ವೆನ್ಸಿ, ಅಂದ್ರೆ ಸ್ವರದ ಎತ್ತರದ ಅಳತೆ) ಹತ್ರ ಕಿವಿ ಕೊಳವೆನೇ ಸೌಂಡನ್ನ ಹತ್ತಿರ ಹತ್ತಿರ 17 ಡಿಬಿ ಏರಿಸಿ ಕೊಡತ್ತೆ, ಅಲ್ಲಿ ಮೋಲ್ಡ್ ತುರುಕಿದ ತಕ್ಷಣ ಅದು ಹೋಯ್ತು. ಮೆಷಿನ್ನು ಮೊದಲು ಆ ನಷ್ಟ ತುಂಬಿಕೊಟ್ಟು ಆಮೇಲೆ ಉಪಕಾರ ಮಾಡಬೇಕು.

ಈಗ ಒಂದೊಂದೇ ದಾರಿ ನೋಡೋಣ.

ಮೊದಲನೇದು, ನಮ್ಮಲ್ಲಿ ಅಂಗಡಿಗಳಲ್ಲಿ ಜಾಸ್ತಿ ಕಾಣೋದು, ಫಸ್ಟ್ ಫಿಟ್. ಆಡಿಯೋಗ್ರಾಮ್, ಅಂದ್ರೆ ಯಾವ ಫ್ರೀಕ್ವೆನ್ಸಿಲಿ ಎಷ್ಟು ಸಣ್ಣ ಸೌಂಡ್ ಕೇಳತ್ತೆ ಅನ್ನೋ ಟೆಸ್ಟಿನ, ನಂಬರ್‌ಗಳನ್ನ ಕಂಪನಿ ಸಾಫ್ಟ್‌ವೇರ್‌ಗೆ ಹಾಕ್ತಾರೆ, ಒಂದು ಬಟನ್ ಒತ್ತುತಾರೆ, ಮೆಷಿನ್ ತಾನೇ ಸೆಟ್ ಆಗತ್ತೆ, ಆಮೇಲೆ "ಕೇಳ್ತಾ ಇದ್ಯಾ ಸಾರ್? ಜೋರಾಯ್ತಾ? ಕಮ್ಮಿ ಮಾಡ್ಲಾ?" ಅಂತ ಕೇಳ್ತಾರೆ, ಹೊಸಬರು ಎಲ್ಲರೂ ಜೋರಾಯ್ತು ಅಂತಾನೇ ಹೇಳೋದು ಯಾಕಂದ್ರೆ ವರ್ಷಗಟ್ಟಲೆ ಕೇಳದೇ ಇದ್ದ ಫ್ಯಾನ್ ಸೌಂಡು ಪೇಪರ್ ಮಡಿಸೋ ಸೌಂಡು ಎಲ್ಲಾ ಒಟ್ಟಿಗೆ ಬಂದಿರತ್ತೆ, ಇವರು ಇನ್ನೂ ಎರಡು ಮೆಟ್ಟಿಲು ಇಳಿಸ್ತಾರೆ, ಕೆಲಸ ಮುಗೀತು. ಸ್ಕ್ರೀನ್ ಮೇಲೆ ಮಾತ್ರ ಟಾರ್ಗೆಟ್ ಗೆರೆ (ಇವರಿಗೆ ಇಷ್ಟು ಸೌಂಡ್ ಬೇಕು ಅನ್ನೋ ಗುರಿ) ಮೇಲೆ ಮೆಷಿನ್ ಗೆರೆ ಅಚ್ಚುಕಟ್ಟಾಗಿ ಕೂತಿರತ್ತೆ. ಇಲ್ಲೇ ಎಲ್ಲರೂ ಬೀಳೋದು. ಆ ಗೆರೆ ಅಳತೆ ಅಲ್ಲ, ಸರಾಸರಿ ದೊಡ್ಡವರ ಕಿವಿ ಹೀಗಿರತ್ತೆ ಅಂತ ಇಟ್ಕೊಂಡು ಸಾಫ್ಟ್‌ವೇರ್ ಬರೆದ ಅಂದಾಜು. ನಿಮ್ಮ ಕಿವಿಯೊಳಗೆ ಯಾವ ಮೈಕೂ ಹೋಗಿಲ್ಲ. 2007ರಲ್ಲಿ ಬ್ರಿಟನ್‌ನಲ್ಲಿ ಆಜ್ ಮತ್ತು ಮೂರ್ ಅನ್ನೋ ಇಬ್ಬರು ಇದನ್ನೇ ಕಿವಿ ಒಳಗೆ ಅಳೆದು ನೋಡಿದ್ರು, ಫಸ್ಟ್ ಫಿಟ್ ಆದ ಕಿವಿಗಳಲ್ಲಿ 64 ಪರ್ಸೆಂಟ್ ಒಂದಲ್ಲ ಒಂದು ಫ್ರೀಕ್ವೆನ್ಸಿಲಿ ಟಾರ್ಗೆಟ್‌ನಿಂದ 10 ಡಿಬಿಗಿಂತ ಜಾಸ್ತಿ ಆಚೀಚೆ ಇದ್ವು, ಅಳತೆ ನೋಡ್ಕೊಂಡು ತಿದ್ದಿದ ಮೇಲೆ 83 ಪರ್ಸೆಂಟ್ ಸರಿಹೋಯ್ತು. 10 ಡಿಬಿ ಅಂದ್ರೆ ಕಿವಿಗೆ ಹೆಚ್ಚುಕಮ್ಮಿ ಎರಡರಷ್ಟು ಜೋರು, ಅಥವಾ ಅರ್ಧ, ಸಣ್ಣ ವಿಷಯ ಅಲ್ಲ.

ಕಮ್ಮಿ ಬೀಳೋದು ಸಾಮಾನ್ಯವಾಗಿ ಹೈ ಫ್ರೀಕ್ವೆನ್ಸಿಲೇ. ಕನ್ನಡದಲ್ಲಿ ಅದರ ಪರಿಣಾಮ ಮನೇಲೇ ಗೊತ್ತಾಗತ್ತೆ: ಸಾಲು, ಹಾಲು, ಕಾಲು ಮೂರೂ ಒಂದೇ ಥರ ಕೇಳತ್ತೆ. ಆ, ಊ, ಮ ಎಲ್ಲಾ ಲೋ ಫ್ರೀಕ್ವೆನ್ಸಿ, ಅವು ಚೆನ್ನಾಗೇ ಕೇಳೋದ್ರಿಂದ "ಯಾರೋ ಮಾತಾಡ್ತಿದಾರೆ ಅಂತ ಗೊತ್ತಾಗತ್ತೆ, ಏನು ಅಂತ ಗೊತ್ತಾಗಲ್ಲ" ಅಂತಾರಲ್ಲ ವಯಸ್ಸಾದವರು, ಅದು ಇದೇನೇ. ಸ, ಶ, ತ, ಕ ಇವೆಲ್ಲ ಮೇಲಿನ ಫ್ರೀಕ್ವೆನ್ಸಿಲಿ ಇರೋ ಸಣ್ಣ ಸೌಂಡುಗಳು. ಇದಕ್ಕೆ ವಾಲ್ಯೂಮ್ ಏರಿಸಿದ್ರೆ ಆ ಊ ಇನ್ನೂ ಜೋರಾಗತ್ತೆ ಅಷ್ಟೇ, ಸ ಬರಲ್ಲ.

ಎರಡನೇದು ಬೂತ್ ಟೆಸ್ಟ್, ಏಡೆಡ್ ಆಡಿಯೋಗ್ರಾಮ್ ಅಂತಾರೆ. ಸೌಂಡ್‌ಪ್ರೂಫ್ ರೂಮಲ್ಲಿ ಮೆಷಿನ್ ಹಾಕಿ ಕೂರಿಸಿ ಸ್ಪೀಕರ್‌ನಲ್ಲಿ ನಡುಗೋ ಟೋನ್ ಬಿಡ್ತಾರೆ, ಕೇಳಿದ್ರೆ ಕೈ ಎತ್ತಬೇಕು, ಮೆಷಿನ್ ಇಲ್ಲದೇ ಎಷ್ಟಕ್ಕೆ ಕೇಳ್ತು ಮೆಷಿನ್ ಹಾಕಿ ಎಷ್ಟಕ್ಕೆ ಕೇಳ್ತು ಅನ್ನೋ ವ್ಯತ್ಯಾಸಕ್ಕೆ ಫಂಕ್ಷನಲ್ ಗೇನ್ ಅಂತ ಹೆಸರು. ಇದನ್ನ ಕೆಲಸಕ್ಕೆ ಬಾರದ್ದು ಅಂತ ಬೈಯೋರಿದಾರೆ, ನಾನು ಅಷ್ಟು ದೂರ ಹೋಗಲ್ಲ, ಮನೆಯವರಿಗೆ ತೋರಿಸೋಕೆ ಚೆನ್ನಾಗಿರತ್ತೆ, ಮನುಷ್ಯನಿಗೆ ನಿಜವಾಗ್ಲೂ ಕೇಳ್ತು ಅನ್ನೋದು ಇದರಲ್ಲಿ ಸಿಗತ್ತೆ. ಆದ್ರೆ ಇದು ತೋರಿಸೋದು ಅತಿ ಸಣ್ಣ ಸೌಂಡ್ ಎಷ್ಟಕ್ಕೆ ಕೇಳ್ತು ಅನ್ನೋದನ್ನ ಮಾತ್ರ. ಈಗಿನ ಡಿಜಿಟಲ್ ಮೆಷಿನ್‌ಗಳೆಲ್ಲ ಸಣ್ಣ ಸೌಂಡಿಗೆ ಜಾಸ್ತಿ ಗೇನ್, ಜೋರು ಸೌಂಡಿಗೆ ಕಮ್ಮಿ ಗೇನ್ ಕೊಡೋ ಥರ ಇರೋದ್ರಿಂದ ಇಲ್ಲಿ ಸಿಕ್ಕ ಗೇನ್ ಮಾಮೂಲಿ ಮಾತಿಗೆ ಸಿಗಲ್ಲ. ಕುಕ್ಕರ್ ವಿಶಲ್ಲಿಗೆ, ದರ್ಶಿನಿಲಿ ಸ್ಟೀಲ್ ತಟ್ಟೆ ರಾಶಿ ಹಾಕೋ ಸೌಂಡಿಗೆ ಮೆಷಿನ್ ಎಲ್ಲಿ ನಿಲ್ಲಿಸತ್ತೆ ಅನ್ನೋದಂತೂ ಇದರಲ್ಲಿ ಬರೋದೇ ಇಲ್ಲ. ಲೋ ಫ್ರೀಕ್ವೆನ್ಸಿ ಕೇಳೋಕೆ ಚೆನ್ನಾಗಿರೋರಿಗೆ ರೂಮಿನ ಗದ್ದಲ, ಮೆಷಿನ್‌ನ ಒಳಗಿನ ಸಣ್ಣ ಸುಯ್ ಸೌಂಡೇ ಅಡ್ಡ ಬಂದು ಗೇನ್ ಇದ್ದಿದ್ದಕ್ಕಿಂತ ಕಮ್ಮಿ ಕಾಣತ್ತೆ. ಮೇಲೆ 5 ಡಿಬಿ ಮೆಟ್ಟಿಲಲ್ಲಿ ಅಳೀತಾರೆ, ಅದೂ ಕೆಲವೇ ಫ್ರೀಕ್ವೆನ್ಸಿಲಿ, ನಾಳೆ ಮಾಡಿದ್ರೆ ಬೇರೆ ನಂಬರ್ ಬಂದ್ರೂ ಆಶ್ಚರ್ಯ ಇಲ್ಲ.

ಹಾಗಂತ ಬೂತ್ ಟೆಸ್ಟ್ ಬಿಟ್ರೆ ಗತಿ ಇಲ್ಲದ ಕಡೆನೂ ಇದೆ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಇಡೋ ಉಪಕರಣ), ಮೂಳೆ ಮೂಲಕ ಸೌಂಡ್ ಕೊಡೋ ಮೆಷಿನ್, ಇವುಗಳಲ್ಲಿ ಕಿವಿ ಕೊಳವೆಲಿ ಅಳೆಯೋಕೆ ಸೌಂಡೇ ಇರಲ್ಲ, ಅವರಿಗೆ ಇದೇ ಬೇಕು.

ಮೂರನೇದು ಮೆಷಿನ್ನೇ ಮಾಡೋ ಟೆಸ್ಟ್. ಹಿಯರಿಂಗ್ ಏಡ್ ಕಿವಿಲಿಟ್ಟು ಅದರ ಮೂಲಕವೇ ಟೋನ್ ಬಿಟ್ಟು ಎಷ್ಟಕ್ಕೆ ಕೇಳತ್ತೆ ಅಂತ ನೋಡ್ತಾರೆ, ಇನ್-ಸಿಟು ಅಂತಾರೆ, ವೈಡೆಕ್ಸ್‌ನವರದ್ದು ಸೆನ್ಸೋಗ್ರಾಮ್, ಫೋನಾಕ್‌ನವರದ್ದು ಆಡಿಯೋಗ್ರಾಮ್‌ಡೈರೆಕ್ಟ್. ಫಸ್ಟ್ ಫಿಟ್‌ಗಿಂತ ಒಂದು ಹೆಜ್ಜೆ ಮುಂದೆ, ಯಾಕಂದ್ರೆ ನಿಮ್ಮ ಕಿವಿ ಗಾತ್ರ ಲೆಕ್ಕಕ್ಕೆ ಸ್ವಲ್ಪ ಮಟ್ಟಿಗಾದ್ರೂ ಬರತ್ತೆ. ಆದ್ರೆ ಕೊನೆಗೆ ಎಷ್ಟು ಡಿಬಿ ತಲುಪ್ತು ಅಂತ ಇದೂ ಅಳೆಯಲ್ಲ. ಪರೀಕ್ಷೆ ಬರೆಯೋನೂ ಅವನೇ, ಮಾರ್ಕ್ಸ್ ಹಾಕೋನೂ ಅವನೇ.

ಇನ್ನು ಅಸಲಿ ವಿಷಯ, ರಿಯಲ್ ಇಯರ್ ಮೆಷರ್‌ಮೆಂಟ್, ಆಡಿಯಾಲಜಿಸ್ಟುಗಳು (ಕೇಳೋ ಶಕ್ತಿ ಪರೀಕ್ಷೆ ಮಾಡಿ ಮೆಷಿನ್ ಸೆಟ್ ಮಾಡೋ ತಜ್ಞರು) ಆರ್‌ಇಎಂ ಅಥವಾ ಬರೀ ರಿಯಲ್ ಇಯರ್ ಅಂತಾರೆ. ನೂಲಿನಷ್ಟೇ ಅನ್ನೋ ಹಾಗಿರೋ ಮೆತ್ತನೆ ಸಿಲಿಕಾನ್ ಟ್ಯೂಬನ್ನ ಕಿವಿಯೊಳಗೆ ತಮಟೆಯಿಂದ ಸುಮಾರು 5 ಮಿಲಿಮೀಟರ್ ದೂರದವರೆಗೆ ಬಿಡ್ತಾರೆ, ಅದರ ಇನ್ನೊಂದು ತುದಿಲಿ ಮೈಕ್. ಎದುರಿಗೆ ಒಂದು ಮೀಟರ್ ಒಳಗೆ ಸ್ಪೀಕರ್. ಟ್ಯೂಬ್ ಪಕ್ಕದಲ್ಲೇ ಹಿಯರಿಂಗ್ ಏಡ್ ಕೂರಿಸಿ ಸ್ಪೀಕರ್‌ನಲ್ಲಿ ಮಾತು ಬಿಡ್ತಾರೆ, ಒಳಗೆ ತಲುಪಿದ್ದು ನೇರವಾಗಿ ಸ್ಕ್ರೀನ್ ಮೇಲೆ. ನೀವು ಕೈ ಎತ್ತಬೇಕಾಗಿಲ್ಲ, ಬಟನ್ ಒತ್ತಬೇಕಾಗಿಲ್ಲ, ತಲೆ ಅಲ್ಲಾಡಿಸದೇ ಸುಮ್ನೆ ಕೂತಿದ್ರೆ ಸಾಕು. ನೋವಾಗಲ್ಲ, ಕಚಗುಳಿ ಆಗತ್ತೆ, ಕೆಲವರಿಗೆ ಕೆಮ್ಮು ಬರತ್ತೆ.

ಆ ಸ್ಪೀಕರ್ ಮಾತು ಕೇಳಿದ್ರೆ ನಗು ಬರ್ಬೋದು. ಐಎಸ್‌ಟಿಎಸ್ ಅಂತ ಒಂದು ಸಿಗ್ನಲ್ ಇದೆ, ಅಮೆರಿಕನ್ ಇಂಗ್ಲಿಷ್, ಅರೇಬಿಕ್, ಚೈನೀಸ್, ಫ್ರೆಂಚ್, ಜರ್ಮನ್, ಸ್ಪ್ಯಾನಿಶ್ ಆರು ಭಾಷೆಯ ಹೆಂಗಸರ ಮಾತನ್ನ ಚೂರು ಚೂರು ಮಾಡಿ ಜೋಡಿಸಿದ್ದು, ಯಾರೋ ಮಾತಾಡ್ತಿದಾರೆ ಅನ್ಸತ್ತೆ, ಒಂದು ಪದನೂ ಅರ್ಥ ಆಗಲ್ಲ. ಕನ್ನಡ ಅದರಲ್ಲಿ ಇಲ್ಲ, ಆದ್ರೆ ಇಲ್ಲಿ ಬೇಕಾಗಿರೋದು ಅರ್ಥ ಅಲ್ಲ, ಮಾತಿನ ಏರಿಳಿತ, ಅದು ಇದೆ. ನಿಮಗೆ ರಿಯಲ್ ಇಯರ್ ಮಾಡಿದ್ರಾ ಇಲ್ವಾ ಅಂತ ಗೊತ್ತಾಗೋಕೆ ಇದೇ ಸುಲಭದ ಗುರುತು: ಕಿವಿಗೆ ಸಣ್ಣ ಟ್ಯೂಬ್ ಹೋಯ್ತಾ, ಸ್ಪೀಕರ್‌ನಿಂದ ಸೌಂಡ್ ಬಂತಾ. ಎರಡೂ ಆಗಿಲ್ಲ ಅಂದ್ರೆ ಅವರು "ಕಂಪ್ಯೂಟರ್‌ನಲ್ಲಿ ರಿಯಲ್ ಇಯರ್ ಮಾಡಿದ್ವಿ" ಅಂತ ಎಷ್ಟೇ ಹೇಳಿದ್ರೂ ಮಾಡಿಲ್ಲ. ನಮ್ಮ ಸಂಬಂಧಿಕರೊಬ್ಬರಿಗೆ ಒಂದು ಕಡೆ ಹೀಗೇ ಹೇಳಿ ಪ್ರಿಂಟ್ ಕೂಡ ಕೊಟ್ಟಿದ್ರು, ನೋಡಿದ್ರೆ ಫಿಟ್ಟಿಂಗ್ ಸಾಫ್ಟ್‌ವೇರ್‌ನ ಸ್ಕ್ರೀನ್‌ಶಾಟು.

ರಿಯಲ್ ಇಯರ್‌ನಲ್ಲೇ ಎರಡು ಥರ ಇದೆ, ಇಲ್ಲೂ ಆಯ್ಕೆ ಇದೆ. ಹಳೇ ಥರದ್ದು ಇನ್ಸರ್ಷನ್ ಗೇನ್: ಮೊದಲು ಖಾಲಿ ಕಿವಿ ಅಳೀತಾರೆ, ಆಮೇಲೆ ಮೆಷಿನ್ ಹಾಕಿ ಅಳೀತಾರೆ, ಕಳೆದ್ರೆ ಮೆಷಿನ್ ಎಷ್ಟು ಸೇರಿಸ್ತು ಅಂತ ಬರತ್ತೆ. ಇನ್ನೊಂದು ಸ್ಪೀಚ್ ಮ್ಯಾಪಿಂಗ್: ಕಿವಿ ಒಳಗೆ ಒಟ್ಟು ಎಷ್ಟಿದೆ ಅಂತ ನೇರವಾಗಿ ನೋಡೋದು. ನಂಗೆ ಎರಡನೇದೇ ಇಷ್ಟ, ಯಾಕಂದ್ರೆ ಮನೆಯವರಿಗೂ ಅರ್ಥ ಆಗತ್ತೆ. ನಿಮ್ಮ ಕೇಳೋ ಮಿತಿ ಒಂದು ಗೆರೆ, ಮಾತು ಒಂದು ಪಟ್ಟಿ ಥರ, ಪಟ್ಟಿ ಗೆರೆಗಿಂತ ಮೇಲಿದ್ರೆ ಆ ಭಾಗ ಕೇಳತ್ತೆ, ಕೆಳಗಿದ್ರೆ ಕೇಳಲ್ಲ, ಅಷ್ಟೇ. ಒಂದು ವಿಷಯ, ಮಾಮೂಲಿ ಆಡಿಯೋಗ್ರಾಮ್‌ನಲ್ಲಿ ಕೇಳೋದು ಕಮ್ಮಿ ಆದಷ್ಟೂ ಗೆರೆ ಕೆಳಗೆ ಹೋಗತ್ತೆ, ಇಲ್ಲಿ ಉಲ್ಟಾ, ಮೇಲೆ ಹೋಗತ್ತೆ, ಮೊದಲ ಸಲ ನೋಡಿದವರಿಗೆ ಗಲಿಬಿಲಿ ಆಗತ್ತೆ. ಕಿವಿ ತಮಟೆಲಿ ತೂತಿದ್ರೆ ಅಥವಾ ಮಾಸ್ಟಾಯ್ಡ್ (ಕಿವಿ ಹಿಂದಿನ ಮೂಳೆ) ಆಪರೇಷನ್ ಆಗಿದ್ರೆ ಖಾಲಿ ಕಿವಿ ಅಳತೆನೇ ವಿಚಿತ್ರವಾಗಿ ಬರತ್ತೆ, ಅದರಿಂದ ಕಳೆದ ಲೆಕ್ಕನೂ ದಾರಿ ತಪ್ಪಿಸತ್ತೆ, ಅಂಥವರಿಗಂತೂ ಸ್ಪೀಚ್ ಮ್ಯಾಪಿಂಗೇ ಆಗಬೇಕು.

ಎಷ್ಟು ಜೋರಿಗೆ ಅಳೀತಾರೆ ಅನ್ನೋದೂ ಕೇಳಿ. 65 ಡಿಬಿ ಅಂದ್ರೆ ಎದುರು ಕೂತು ಮಾತಾಡೋ ಮಟ್ಟ, ಕೆಲವರು ಅದೊಂದು ಮಾಡಿ ಮುಗಿಸ್ತಾರೆ. ಮೂರು ಮಾಡ್ಬೇಕು: 50 ಅಥವಾ 55 ಡಿಬಿ ಮೆಲ್ಲಗೆ, 65 ಮಾಮೂಲಿ, 75 ಅಥವಾ 80 ಜೋರು. ಆಮೇಲೆ ಒಂದು ಜೋರಾದ ಟೋನ್ ಬಿಟ್ಟು ಮೆಷಿನ್ ಗರಿಷ್ಠ ಎಷ್ಟಕ್ಕೆ ಹೋಗತ್ತೆ, ಅದು ಇವರಿಗೆ ತಡೆಯೋಕಾಗದ ಮಟ್ಟಕ್ಕಿಂತ ಕೆಳಗಿದ್ಯಾ ನೋಡ್ಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಪಕ್ಕದ ಬಸ್ ಹಾರ್ನ್ ಹೊಡೆದಾಗ ಮೆಷಿನ್ ಕಿತ್ತು ಜೇಬಿಗೆ ಹಾಕ್ಕೊಂಡು ಮತ್ತೆ ಹಾಕದೇ ಇರೋರು ಎಷ್ಟು ಜನ ಇದಾರೋ, ಈ ಒಂದು ಟೆಸ್ಟ್ ಬಿಟ್ಟಿದ್ದೂ ಅದಕ್ಕೆ ಒಂದು ಕಾರಣ ಇರತ್ತೆ.

ಟಾರ್ಗೆಟ್ ಅಂದ್ನಲ್ಲ, ಅದು ಯಾರು ಹೇಳಿದ್ದು ಅನ್ನೋದು ಮುಖ್ಯ. ದೊಡ್ಡವರಿಗೆ ಹೆಚ್ಚಾಗಿ ಆಸ್ಟ್ರೇಲಿಯಾದ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್‌ನ ನ್ಯಾಲ್-ಎನ್‌ಎಲ್2 ಸೂತ್ರ, ಮಕ್ಕಳಿಗೆ ಹೆಚ್ಚಾಗಿ ಕೆನಡಾದ ಡಿಎಸ್‌ಎಲ್. ಕಂಪನಿಗಳಿಗೆ ತಮ್ಮದೇ ಸೂತ್ರನೂ ಇರತ್ತೆ, ಅದು ಮೊದಲ ದಿನ ಹಿತವಾಗಿರೋ ಹಾಗೆ ಮಾಡಿರೋದು, ಹಿತ ಅಂದ್ರೆ ಸಾಮಾನ್ಯವಾಗಿ ಹೈ ಫ್ರೀಕ್ವೆನ್ಸಿ ಕಮ್ಮಿ. ನ್ಯಾಲ್‌ನಲ್ಲಿ ಇನ್ನೊಂದು ಸಣ್ಣ ಸೆಟ್ಟಿಂಗ್ ಇದೆ, ಭಾಷೆ ಟೋನಲ್ಲಾ ಅಲ್ವಾ ಅಂತ, ಚೈನೀಸ್ ಥರ ಸ್ವರದ ಎತ್ತರ ಬದಲಾದ್ರೆ ಅರ್ಥನೇ ಬದಲಾಗೋ ಭಾಷೆಗೆ ಲೋ ಫ್ರೀಕ್ವೆನ್ಸಿ ಸ್ವಲ್ಪ ಜಾಸ್ತಿ ಕೊಡತ್ತೆ, ಕನ್ನಡಕ್ಕೆ ಅದು ಬೇಡ, ಟೋನಲ್ ಅಲ್ಲ ಅಂತಾನೇ ಇರ್ಬೇಕು. ಹೊಸಬರಾ ಹಳಬರಾ, ಗಂಡಸಾ ಹೆಂಗಸಾ ಅನ್ನೋದೂ ಅದರಲ್ಲಿ ಲೆಕ್ಕಕ್ಕೆ ಬರತ್ತೆ. ಟಾರ್ಗೆಟ್‌ಗೆ ಎಷ್ಟು ಹತ್ರ ಇದ್ರೆ ಪಾಸು ಅಂದ್ರೆ, ಬ್ರಿಟನ್‌ನ ಮಾರ್ಗಸೂಚಿ ಪ್ರಕಾರ 2000 ಹರ್ಟ್ಜ್‌ವರೆಗೆ 5 ಡಿಬಿ ಆಚೀಚೆ, 3000 ಮತ್ತು 4000ದಲ್ಲಿ 8 ಡಿಬಿ ಆಚೀಚೆ. ಟಾರ್ಗೆಟ್ ತಲುಪಿದ ಮೇಲೂ ಜೋರು ಅನ್ಸಿದ್ರೆ ಇಳಿಸ್ಬೋದು, ತಪ್ಪೇನಿಲ್ಲ, ಆದ್ರೆ ಎಷ್ಟು ಇಳಿಸಿದ್ವಿ ಅಂತ ಬರೆದಿಟ್ಟು ಆಮೇಲೆ ನಿಧಾನಕ್ಕೆ ಏರಿಸ್ಬೇಕು.

ಈ ಟೆಸ್ಟ್ ಮಾಡೋ ಕೈ ಸರಿ ಇಲ್ಲದಿದ್ರೆ ಇದೂ ಸುಳ್ಳು ಹೇಳತ್ತೆ. ಟ್ಯೂಬ್ ಆಳ ಸಾಲದಿದ್ರೆ ಹೈ ಫ್ರೀಕ್ವೆನ್ಸಿ ಕಮ್ಮಿ ತೋರಿಸತ್ತೆ, ಅದನ್ನ ನೋಡಿ ಇವರು ಮೆಷಿನ್ ಏರಿಸ್ತಾರೆ, ಕಿವಿ ಕಿರುಚತ್ತೆ. ಕಿವಿ ತೂತಿನ ಕೆಳಗೆ, ಹಾಲೆಗಿಂತ ಮೇಲಿರೋ ಸಣ್ಣ ಕಚ್ಚಿನಿಂದ ಅಳೆದ್ರೆ ಹೆಂಗಸರಿಗೆ ಸುಮಾರು 28 ಮಿಲಿಮೀಟರ್, ಗಂಡಸರಿಗೆ 31, ಅಷ್ಟಕ್ಕೆ ಟ್ಯೂಬ್ ಮೇಲೆ ಗುರುತು ಮಾಡ್ಕೊಂಡು ಹಾಕ್ತಾರೆ. ಹಾಕೋ ಮುಂಚೆ ಓಟೋಸ್ಕೋಪಲ್ಲಿ ಕಿವಿ ನೋಡ್ಲೇಬೇಕು, ಗುಗ್ಗೆ ಇದ್ರೆ ಟ್ಯೂಬ್ ಬಾಯಿ ಕಟ್ಕೊಳತ್ತೆ, ಸೋರೋ ಕಿವಿ ಆದ್ರೆ ಮೊದಲು ಇಎನ್‌ಟಿ ಡಾಕ್ಟರ್ ಹತ್ರ. ಇನ್ನೊಂದು, ತೂತಿರೋ ಡೋಮ್ (ಕಿವಿಯೊಳಗೆ ಕೂರೋ ಮೆತ್ತನೆ ಟೋಪಿ) ಹಾಕೋ ಓಪನ್ ಫಿಟ್ ಮೆಷಿನ್‌ಗಳಲ್ಲಿ ಒಳಗಿನ ಸೌಂಡ್ ಹೊರಗೆ ಸೋರಿ ಕಿವಿ ಹತ್ರ ಇರೋ ರೆಫರೆನ್ಸ್ ಮೈಕ್‌ಗೆ (ಸ್ಪೀಕರ್ ಸೌಂಡ್ ಎಷ್ಟಿದೆ ಅಂತ ನೋಡೋ ಮೈಕ್) ಬೀಳತ್ತೆ, ಅಳೆಯೋ ಉಪಕರಣ ಸ್ಪೀಕರ್ ಜೋರಾಯ್ತು ಅಂದ್ಕೊಂಡು ಸ್ಪೀಕರ್ ಸೌಂಡ್ ಇಳಿಸತ್ತೆ, ಅಳತೆ ಪೂರ್ತಿ ತಪ್ಪು. ಇದಕ್ಕೆ ಮೊದಲೇ ಹಿಯರಿಂಗ್ ಏಡ್ ಮ್ಯೂಟ್ ಮಾಡಿ ಸ್ಪೀಕರ್ ಮಟ್ಟ ಸೇವ್ ಮಾಡ್ಕೊಂಡು ಆಮೇಲೆ ಅಳೆಯೋ ವಿಧಾನ ಇದೆ, "ಓಪನ್ ಫಿಟ್ ಮೋಡಲ್ಲಿ ಮಾಡ್ತೀರಾ" ಅಂತ ಒಂದು ಮಾತು ಕೇಳಿ, ಗೊತ್ತಿರೋರು ತಕ್ಷಣ ಹೌದು ಅಂತಾರೆ. ಪೂರ್ತಿ ಕಿವಿ ಒಳಗೆ ಹೋಗೋ ತೀರಾ ಸಣ್ಣ ಮೆಷಿನ್‌ಗಳಿಗೆ ಟ್ಯೂಬ್ ಪಕ್ಕದಲ್ಲಿ ಬಿಡೋದು ಕಷ್ಟ, ಆಗ್ದೇ ಇರೋದಲ್ಲ, ತಾಳ್ಮೆ ಬೇಕು.

ಮಕ್ಕಳ ವಿಷಯಕ್ಕೆ ಬಂದ್ರೆ ಉತ್ತರ ಬೇರೆ. ಒಂದು ವರ್ಷದ ಮಗುನ ಟ್ಯೂಬ್ ಹಾಕಿ ಹದಿನೈದು ನಿಮಿಷ ತಲೆ ಅಲ್ಲಾಡಿಸದೇ ಕೂರಿಸಿ ನೋಡೋಣ ಯಾರಾದ್ರೂ. ಅದಕ್ಕೆ ಆರ್‌ಇಸಿಡಿ ಅಂತ ಒಂದು ದಾರಿ ಇದೆ: ಮಗು ಕಿವಿಲಿ ಅದರ ಮೋಲ್ಡ್ ಜೊತೆ ಟ್ಯೂಬ್ ಹಾಕಿ ಕೆಲವೇ ಸೆಕೆಂಡಿನ ಒಂದು ಸೌಂಡ್ ಬಿಡ್ತಾರೆ, ಅದೇ ಸೌಂಡನ್ನ 2 ಸಿಸಿ ಕಪ್ಲರಲ್ಲೂ ಅಳೀತಾರೆ, ಎರಡರ ವ್ಯತ್ಯಾಸ ಸಿಕ್ತಲ್ಲ, ಉಳಿದ ಎಲ್ಲಾ ಸೆಟ್ಟಿಂಗನ್ನ ಮಗು ಅಮ್ಮನ ಮಡಿಲಲ್ಲಿ ಆಡ್ತಾ ಇರುವಾಗಲೇ ಟೆಸ್ಟ್ ಬಾಕ್ಸಲ್ಲಿ (ಕಪ್ಲರ್ ಇರೋ ಪೆಟ್ಟಿಗೆ) ಮಾಡಿ ಮುಗಿಸ್ತಾರೆ. ಪುಟ್ಟ ಕಿವಿಲಿ ಜಾಗ ಎಷ್ಟು ಕಮ್ಮಿ ಅಂದ್ರೆ ಕಪ್ಲರ್ ನಂಬರ್ ನಂಬಿ ಸೆಟ್ ಮಾಡಿದ್ರೆ ಹೈ ಫ್ರೀಕ್ವೆನ್ಸಿಲಿ 10 ಡಿಬಿಗೂ ಜಾಸ್ತಿ ಹೆಚ್ಚು ಸೌಂಡ್ ಮಗು ಕಿವಿಗೆ ಹೋಗ್ಬೋದು, ಅದಕ್ಕೆ ಜೋರಾಯ್ತು ಅಂತ ಹೇಳೋಕೂ ಬರಲ್ಲ, ಕಿತ್ತು ಎಸೆಯತ್ತೆ ಅಷ್ಟೇ, ನಾವು ಹಟ ಅಂತೀವಿ. ಅಳೆಯೋಕೇ ಆಗ್ಲಿಲ್ಲ ಅಂದ್ರೆ ವಯಸ್ಸಿಗೆ ತಕ್ಕ ಸರಾಸರಿ ಆರ್‌ಇಸಿಡಿ ಹಾಕ್ತಾರೆ, ಏನೂ ಇಲ್ಲದಕ್ಕಿಂತ ಮೇಲು. ಕಿವಿ ಬೆಳೀತಾ ಇರೋದ್ರಿಂದ ಪ್ರತಿ ಹೊಸ ಮೋಲ್ಡ್‌ಗೂ ಮತ್ತೆ ಅಳಿಸ್ಬೇಕು. ಮನೇಲಿ ದಿನಾ ಆ, ಈ, ಊ, ಮ್, ಶ್, ಸ್ ಆರು ಸೌಂಡ್ ಬೆನ್ನ ಹಿಂದಿನಿಂದ ಹೇಳಿ ಮಗು ತಿರುಗತ್ತಾ ನೋಡೋದು ಇದೆಲ್ಲದರ ಜೊತೆಗೆ, ಬದಲಿಗೆ ಅಲ್ಲ.

ಹಾಗಾದ್ರೆ ಯಾರಿಗೆ ಯಾವುದು. ವಯಸ್ಸಾಗಿ ಕಿವಿ ಮಂದ ಆಗಿರೋ ಅಪ್ಪ ಅಮ್ಮನಿಗೆ ಸ್ಪೀಚ್ ಮ್ಯಾಪಿಂಗ್ ಮೂರು ಲೆವೆಲ್ಲಲ್ಲಿ, ಸಾಧ್ಯ ಆದ್ರೆ ಜೊತೆಗೆ ಬೂತಲ್ಲಿ ಕನ್ನಡ ಪದಗಳ ಟೆಸ್ಟು, ಯಾಕಂದ್ರೆ ಸೌಂಡ್ ತಲುಪಿದೆ ಅನ್ನೋದು ಬೇರೆ ಮೆದುಳಿಗೆ ಪದ ಗೊತ್ತಾಯ್ತು ಅನ್ನೋದು ಬೇರೆ. ಮಗುಗೆ ಆರ್‌ಇಸಿಡಿ ಮತ್ತು ಡಿಎಸ್‌ಎಲ್, ಇದರಲ್ಲಿ ಚೌಕಾಸಿ ಬೇಡ. ಆಪರೇಷನ್ ಆದ ಕಿವಿಗೆ ರಿಯಲ್ ಇಯರ್ ಬಿಟ್ರೆ ಬೇರೇನೂ ನಂಬಬೇಡಿ. ಹತ್ತಿರದಲ್ಲಿ ಎಲ್ಲೂ ರಿಯಲ್ ಇಯರ್ ಸಿಗ್ದೇ ಇದ್ರೆ ಇನ್-ಸಿಟು ಮಾಡಿಸಿ ಜೊತೆಗೆ ಬೂತ್ ಟೆಸ್ಟ್, ಬರೀ ಫಸ್ಟ್ ಫಿಟ್‌ಗೆ ಮಾತ್ರ ಒಪ್ಕೋಬೇಡಿ.

ಎಲ್ಲಿ ಅಂದ್ರೆ, ಆಡಿಯಾಲಜಿ ಕೋರ್ಸ್ ಇರೋ ಕಡೆ ಮೊದಲು ವಿಚಾರಿಸಿ, ಓದೋ ಹುಡುಗರಿಗೆ ಕಲಿಸೋಕೆ ಇದು ಬೇಕಾಗೋದ್ರಿಂದ ಉಪಕರಣ ಇರೋ ಸಂಭವ ಜಾಸ್ತಿ. ಬೆಂಗಳೂರಲ್ಲಿ ಲಿಂಗರಾಜಪುರದ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ, ನಿಮ್ಹಾನ್ಸ್‌ನಲ್ಲಿ ಸ್ಪೀಚ್ ಮತ್ತು ಆಡಿಯಾಲಜಿ ವಿಭಾಗ ಇದೆ, ಮೈಸೂರಿಗೆ ಹೋಗೋಕಾದ್ರೆ ಮಾನಸಗಂಗೋತ್ರಿಲಿ 1965ರಿಂದ ಇರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಅನ್ನೋದು. ಕಾಯೋದು ಇರತ್ತೆ, ಬೆಳಿಗ್ಗೆ ಬೇಗ ಹೋಗಿ. ಖಾಸಗಿ ಕ್ಲಿನಿಕ್ ಆದ್ರೆ ಫೋನ್‌ನಲ್ಲೇ ಕೇಳಿ: ಪ್ರೋಬ್ ಮೈಕ್ (ಆ ಸಣ್ಣ ಟ್ಯೂಬಿನ ಮೈಕ್) ಉಪಕರಣ ಇದ್ಯಾ, ಯಾವ್ದು, ಫಿಟ್ಟಿಂಗ್ ಜೊತೆ ಸೇರಿದ್ಯಾ ಬೇರೆ ಚಾರ್ಜಾ, ಬೇರೆ ಕಡೆ ತಗೊಂಡ ಮೆಷಿನ್‌ಗೂ ಮಾಡ್ತೀರಾ. ಆಡಿಯೋಸ್ಕ್ಯಾನ್ ವೆರಿಫಿಟ್, ಇಂಟರ್‌ಅಕೌಸ್ಟಿಕ್ಸ್ ಅಫಿನಿಟಿ, ಆರಿಕಲ್ ಇಂಥ ಹೆಸರು ಬಂದ್ರೆ ಸರಿ. "ನಮ್ ಮೆಷಿನ್‌ಗೆ ಅದೆಲ್ಲ ಬೇಕಾಗಲ್ಲ ಸಾರ್, ಎಐ ಇದೆ" ಅಂದ್ರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ. ಮಾಡೋರು ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಆಗಿರೋ ಆಡಿಯಾಲಜಿಸ್ಟ್ ಆಗಿರ್ಬೇಕು, ಸೇಲ್ಸ್ ಹುಡುಗ ಅಲ್ಲ.

ಹೋಗೋ ದಿನ ಇತ್ತೀಚಿನ ಆಡಿಯೋಗ್ರಾಮ್ ತಗೊಂಡು ಹೋಗಿ, ಎರಡು ವರ್ಷದ ಹಿಂದಿನ ನಂಬರ್ ಇಟ್ಕೊಂಡು ಟಾರ್ಗೆಟ್ ಹಾಕಿದ್ರೆ ಇಷ್ಟೆಲ್ಲ ಮಾಡಿಯೂ ದಂಡ. ಮುಗಿದ ಮೇಲೆ ಪ್ರಿಂಟ್ ಕೇಳಿ, ಎರಡೂ ಕಿವಿದು ಬೇರೆ ಬೇರೆ. ಅದರಲ್ಲಿ ತಾರೀಖು, ಯಾವ ಸೂತ್ರದ ಟಾರ್ಗೆಟ್ಟು, ಮೂರು ಲೆವೆಲ್ ಗೆರೆ, ಗರಿಷ್ಠ ಔಟ್‌ಪುಟ್ ಗೆರೆ, ಹಾಕಿದ ಡೋಮ್ ಅಥವಾ ಮೋಲ್ಡ್ ಯಾವ್ದು ಅಂತ ಇರ್ಬೇಕು. ಡೋಮ್ ಸೈಜ್ ಬದಲಾಯಿಸಿದ್ರೆ, ರಿಸೀವರ್ (ಮೆಷಿನ್‌ನ ಪುಟ್ಟ ಸ್ಪೀಕರ್) ಬದಲಾಯಿಸಿದ್ರೆ, ಮೋಲ್ಡ್‌ನಲ್ಲಿ ದೊಡ್ಡ ತೂತು ಮಾಡಿದ್ರೆ ಆ ಪ್ರಿಂಟ್ ಹಳೇದಾಯ್ತು ಅಂತಾನೇ ಲೆಕ್ಕ, ಮತ್ತೆ ಟ್ಯೂಬ್ ಹಾಕಿಸ್ಕೊಳ್ಳಿ.